ಮುಂಜಾನೆ ‘ಎಲ್ಲಿಗೆ’ ಎಂದು ಕೇಳದ ಸುನಿತಾ

ಪ್ರಶ್ನೆ ಕೇಳುವುದೇ ಸುನಿತಾ ಅವರ ಕೆಲಸ. ಆದರೆ ಬೆಳ್ಳಂಬೆಳಗ್ಗೆ ಬಿಂಡಿಗನವಿಲೆಯ ಬಸ್ ನಿಲ್ದಾಣದಲ್ಲಿ ಅವರು ತುಟಿ ಪಿಟಕ್ಕೆನ್ನುವುದಿಲ್ಲ. ತಲೆಗೆ ಸೆರಗು ಹೊದ್ದು, ಮೊಬೈಲ್ ಹಿಡಿದು ಒಂದು ಮೂಲೆಯಲ್ಲಿ ನಿಲ್ಲುತ್ತಾರೆ. ನಾಗಮಂಗಲದ ಮೊದಲ ಬಸ್ಸಿಗೆ ಎಷ್ಟು ಮಂದಿ ಹತ್ತಿದರು, ಎಷ್ಟು ಮಂದಿ ಬಾಗಿಲಲ್ಲೇ ಜೋತುಬಿದ್ದರು ಎಂದು ಎಣಿಸಿಕೊಳ್ಳುತ್ತಾರೆ. ಊಟದ ಡಬ್ಬಿಯ ಚೀಲ ಹಿಡಿದ ಹೆಂಗಸರು “ಬಂದ್ಯಾ ಸುನಿತಾ?” ಎಂದರೆ ಬರೀ ನಗುತ್ತಾರೆ. ಮಾತೇನಿದ್ದರೂ ಬಸ್ಸು ಹೊರಟ ಮೇಲೆ.

ಮೈಸೂರು ನಾಲ್ಕೂ ದಿಕ್ಕಿಗೆ ಬೆಳೆಯುತ್ತಿದೆ. ಬೆಳೆದ ಊರಿಗೆ ಎಲ್ಲೆಲ್ಲಿಂದ ಎಷ್ಟು ಬಸ್ಸು ಬೇಕೆಂಬ ಯೋಜನೆಯನ್ನು ಸಂಸ್ಥೆಯೊಂದು ಸಿದ್ಧಪಡಿಸುತ್ತಿದೆ. ಯಾರು ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆಂದು ಕೇಳಿ ತಿಳಿಯಲು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ದಿನಗೂಲಿಗೆ ಜನರನ್ನು ತೆಗೆದುಕೊಂಡಿದೆ. ಸುನಿತಾ ಅವರಲ್ಲೊಬ್ಬರು. ಬಿಂಡಿಗನವಿಲೆಯ ಒಕ್ಕಲು ಮನೆಯ ಸೊಸೆ. ಎರಡು ಹಸು ಕರೆದು, ಹಾಲನ್ನು ಡೇರಿಗೆ ಹಾಕುವುದನ್ನು ಗಂಡ ಚಲುವರಾಜುಗೆ ಒಪ್ಪಿಸಿ ಓಡಿಬರುತ್ತಾರೆ.

ಅವರ ಮೊಬೈಲಿನಲ್ಲಿರುವ ಮೊದಲ ಪ್ರಶ್ನೆಯೇ ‘ಎಲ್ಲಿಗೆ ಹೋಗುತ್ತಿದ್ದೀರಿ?’. ಮನೆಯಿಂದ ಹೊರಟವರನ್ನು ಹಾಗೆ ಕೇಳಬಾರದು, ಹೋದ ಕೆಲಸ ಕೆಡುತ್ತದೆ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಕೇಳಲೇಬೇಕಾದರೆ ‘ದೂರ ಹೊರಟ್ರಾ?’ ಅನ್ನಬೇಕು. ಸುನಿತಾಗೂ ಗೊತ್ತಿತ್ತು. ಆದರೆ ಹೊಸ ಕೆಲಸದ ಹುರುಪು ನೋಡಿ!

“ಮನೇಲಿ ನಮ್ಮೆಜಮಾನ್ರನ್ನೇ ಅಂಗೆ ಕೇಳಾಕಿಲ್ಲ. ಅವತ್ತು ಮೊಬೈಲಲ್ಲಿ ಬರ್ದದೆ ಅಂತ ಕೇಳ್ಬುಟ್ಟೆ. ನಂಗೇನ್ ಗ್ರಾಚಾರ ಬಡ್ದಿತ್ತೋ!” ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಕೇಳಿದ್ದು ಪಕ್ಕದ ಬೀದಿಯ ಸೋಮಮ್ಮನನ್ನು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿರುವ ಸೋಮಮ್ಮ, ನಾಗಮಂಗಲದಲ್ಲೊಮ್ಮೆ, ಶ್ರೀರಂಗಪಟ್ಟಣದಲ್ಲೊಮ್ಮೆ ಬಸ್ಸು ಬದಲಿಸಬೇಕು. ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಮನೆಗೆ ವಾಪಸ್ ನಡೆದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಹೊರಟರು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಅವರ ಅಂದಿನ ಕೂಲಿಯೂ ಹೋಯಿತು. ಮಾರನೆಯ ದಿನದಿಂದ ಸುನಿತಾರನ್ನು ಕಂಡರೆ ಇಡೀ ನಿಲ್ದಾಣವೇ ಮುಖ ತಿರುಗಿಸಿತು.

ವಾರ ಕಳೆದರೂ ಉತ್ತರಗಳು ಬರಲಿಲ್ಲ. ಮೇಲ್ವಿಚಾರಕ ವಿಜಯೇಂದ್ರ ಫೋನು ಮಾಡಿ, ಹೀಗೇ ಆದರೆ ಈ ಊರನ್ನು ಯೋಜನೆಯಿಂದ ಕೈಬಿಡಬೇಕಾಗುತ್ತದೆ ಎಂದರು. ಕೈಬಿಟ್ಟರೆ ಇಲ್ಲಿಂದ ಮೈಸೂರಿಗೆ ನೇರ ಬಸ್ಸಿನ ಮಾತೇ ಇಲ್ಲ.

“ನನ್ನ ಬಾಯಿಂದ ಒಬ್ಬರ ಕೂಲಿ ಓಯ್ತು. ಊರಿಗೆ ಬರೋ ಬಸ್ಸೂ ನನ್ನಿಂದ್ಲೇ ತಪ್ಪೋದ್ರೆ ಎಂಗೆ ತಲೆ ಎತ್ಕಂಡು ತಿರುಗ್ಲಿ ಯೋಳಿ?”

ಎರಡು ದಿನ ಊಟ ಸೇರಲಿಲ್ಲವಂತೆ. ಆಮೇಲೆ ಹೊಳೆಯಿತು. ಹೊರಟವರನ್ನಲ್ಲವೇ ಕೇಳಬಾರದು? ಬಂದವರನ್ನು ಕೇಳಲು ಏನು ಅಡ್ಡಿ? ಬೆಳಗ್ಗೆ ತಲೆ ಎಣಿಸುತ್ತೇನೆ, ಸಂಜೆ ಬಸ್ಸಿಳಿದವರನ್ನು ಎಲ್ಲಿಂದ ಬಂದಿರಿ ಎಂದು ಕೇಳುತ್ತೇನೆ ಎಂದು ಹಟ ಹಿಡಿದರು. ವಿಜಯೇಂದ್ರ ಮೊದಲು ಅನುಮಾನಿಸಿದರೂ ಮೇಲಿನವರನ್ನು ಕೇಳಿ ಹೂಂ ಅಂದರು.

ಈಗ ಸಂಜೆ ಜನ ಕೇಳಿದ್ದಕ್ಕೂ ಹೇಳುತ್ತಾರೆ, ಕೇಳದ್ದಕ್ಕೂ ಹೇಳುತ್ತಾರೆ. ಸೀಟಿಗಾಗಿ ಆದ ಜಗಳ, ಕಂಡಕ್ಟರ್ ಕೊಡದ ಚಿಲ್ಲರೆ, ಎಲ್ಲವೂ ಸುನಿತಾರ ಕಿವಿಗೆ. ದಿನಕ್ಕೆ ಎಂಬತ್ತು ಜನರನ್ನು ಮಾತಾಡಿಸಿ ಮುಗಿಸುವಷ್ಟರಲ್ಲಿ ಗಂಟಲು ಒಣಗಿರುತ್ತದೆ.

ಸೋಮಮ್ಮ ಮಾತ್ರ ಬಹಳ ದಿನ ಮುಖ ಬಿಗಿದುಕೊಂಡೇ ದಾಟಿಹೋದರು. ಒಂದು ಸಂಜೆ ತಾವಾಗಿಯೇ ಬಂದು ನಿಂತರು.

“ಏನಮ್ಮಿ, ಎಲ್ಲಾರ್ನೂ ಕೇಳ್ತೀಯ, ನನ್ನ ಕೇಳಾಕಿಲ್ವ? ಬರ್ಕೋ. ಮೈಸೂರಿಂದ ಬಂದೆ. ಮೂರು ಬಸ್ಸು. ಮೂರ್ರಲ್ಲೂ ನಿಂತ್ಕಂಡೇ ಬಂದೆ.”

ಕಣ್ಣು ತುಂಬಿಬಂದು ಸುನಿತಾಗೆ ಮೊಬೈಲಿನ ಅಕ್ಷರವೇ ಕಾಣಲಿಲ್ಲ. ಸೋಮಮ್ಮ ಕಾದು ನಿಂತು ಬರೆಸಿಯೇ ಹೋದರು.

ಯೋಜನೆಯ ಕರಡಿನಲ್ಲಿ ಬಿಂಡಿಗನವಿಲೆ ಉಳಿದುಕೊಂಡಿದೆ. ನೇರ ಬಸ್ಸು ಕೊಡುವುದು ಬಿಡುವುದು ಮೇಲಿನವರ ಕೈಯಲ್ಲಿದೆ. ಸುನಿತಾರ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ. ಮುಂದೇನು ಆಸೆ ಎಂದರೆ ಬಸ್ಸಿನ ಮಾತೇ ಬರುತ್ತದೆ.

“ಬಸ್ಸು ಬತ್ತದೆ ಅಂತ ನಾನ್ ಯಾರ್ಗೂ ಯೋಳಿಲ್ಲ ಕಣಣ್ಣ. ಬಂದ್ರೆ, ಸೋಮಕ್ಕ ಇಲ್ಲೇ ಹತ್ತಿ, ಕಿಟಕಿ ಪಕ್ಕ ಕುಂತ್ಕಂಡು, ಮೈಸೂರ್ ಗಂಟ ನಿದ್ದೆ ಮಾಡ್ಕಂಡ್ ಓಗ್ಲಿ. ನಂಗಷ್ಟೇ ಸಾಕು.”