ಗಾಜಿನ ಬೀರುವಿನ ಹಕ್ಕಿಗಳು

ಅಮೆರಿಕದ ಕಮ್ಮಿಂಗ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರಿಗೆ ಮಕ್ಕಳ ಹಳೇ ಕಾರ್ಡ್ ಆಟಗಳ ಹುಚ್ಚು. ಅಜ್ಜಂದಿರ ಕಾಲದಲ್ಲಿ ಮಕ್ಕಳಿಗೆ ಹಕ್ಕಿ, ಊರು, ಮಗ್ಗಿ ಕಲಿಸಲು ಅಚ್ಚು ಹಾಕಿದ ಕಾರ್ಡುಗಳವು. ಶನಿವಾರ ಬಂತೆಂದರೆ ಎಲ್ಲೆಲ್ಲಿಗೋ ಡ್ರೈವ್ ಮಾಡಿ ಕೊಂಡು ತಂದು, ಪ್ಲಾಸ್ಟಿಕ್ ಕವರ್ ತೊಡಿಸಿ, ಗಾಜಿನ ಬೀರುವಿನಲ್ಲಿಟ್ಟು ಬೀಗ ಜಡಿಯುತ್ತಿದ್ದರು. ಇಷ್ಟೊಂದು ಯಾಕೆ ಸಾರ್ ಅಂದರೆ, "ಎಲ್ಲಾ ಮಕ್ಕಳಿಗೋಸ್ಕರ ಕಣ್ರೀ" ಅನ್ನುತ್ತಾ ಬೀಗದ ಕೈಯನ್ನು ಜೇಬಿಗೆ ಇಳಿಸುತ್ತಿದ್ದರು.

ತಮ್ಮ ಮಗಳ ಬರ್ತ್‌ಡೇ ದಿನ ದೊಡ್ಡ ಮನಸ್ಸು ಮಾಡಿದರು. ಬಿಳಿ ಕೈಗವಸು ಹಾಕಿಕೊಂಡು, ಬಂದ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಹಕ್ಕಿಗಳ ಕಾರ್ಡನ್ನು ಒಂದೊಂದಾಗಿ ದೂರದಿಂದ ತೋರಿಸಿದರು. ಮಗಳು ಗೂಬೆಯ ಕಾರ್ಡಿಗೆ ಕೈ ಚಾಚಿದಳು.

"ಡೋಂಟ್ ಟಚ್! ಕೇಕ್ ಕೈ!"

ಅಪ್ಪನ ಆ ಕಿರುಚಾಟಕ್ಕೆ ಗೂಬೆಯೂ ಬೆಚ್ಚಿರಬೇಕು. ಮಕ್ಕಳು ಸದ್ದಿಲ್ಲದೆ ಎದ್ದು ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಡ್ರೈವ್‌ವೇಯಲ್ಲಿ ನಗುವೋ ನಗು. ಹೋಗಿ ನೋಡಿದೆವು. ಮಗಳು ಎರಡೂ ಕೈಗೆ ಬಿಳಿ ಸಾಕ್ಸ್ ತೊಟ್ಟು, ಒಂದು ಪೇಪರ್ ಪ್ಲೇಟನ್ನು ಕಾಯುತ್ತಾ ನಿಂತಿದ್ದಳು. ಮುಟ್ಟಲು ಬಂದವರ ಮೇಲೆ "ಡೋಂಟ್ ಟಚ್!" ಎಂದು ಕಿರುಚುತ್ತಿದ್ದಳು. ಬೆಚ್ಚಿದವರು ಔಟ್.

ಲೋಕದ ಆಟಗಳನ್ನೆಲ್ಲ ಬಲ್ಲವರಿಗೆ ಇದೊಂದು ಗೊತ್ತಿರಲಿಲ್ಲ. "ಯಾವ ಆಟ ಪುಟ್ಟಾ ಇದು?" ಎಂದು ಆಸೆಯಿಂದ ಕೇಳಿದರು.

"ಈ ಗೇಮ್ ಹೆಸ್ರೇ 'ಡ್ಯಾಡಿ'" ಅಂದಳು.