ಮಜೀದಕ್ಕನ ಎರಡನೇ ಫೋಟೊ

ನಾಳೆ ಶಾಲೆಗೆ ಸೇರಿದರೆ ಮಕ್ಕಳು ನನ್ನ ಚಾರ್ವಿಯನ್ನು ಏನೆಂದು ಕರೆಯಬಹುದು? ಅವಳಿಗಿನ್ನೂ ಎರಡು ತುಂಬಿಲ್ಲ, ಆಗಲೇ ಈ ಯೋಚನೆ ನನ್ನ ಬೆನ್ನು ಬಿಡುತ್ತಿಲ್ಲ. ಅವಳ ಬಲಗೆನ್ನೆಯಲ್ಲಿ ನೇರಳೆಹಣ್ಣಿನ ಬಣ್ಣದ ಹುಟ್ಟುಮಚ್ಚೆಯಿದೆ, ಹುಣಸೆಬೀಜದಷ್ಟು. ತೊಂದರೆಯೇನಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಹೊರಗೆ ಹೊರಟಾಗಲೆಲ್ಲ ಅದರ ಮೇಲೆ ಕಾಡಿಗೆಯಿಂದ ದೊಡ್ಡ ದೃಷ್ಟಿಬೊಟ್ಟು ಇಡುತ್ತೇನೆ. ಬೆಂಗಳೂರಲ್ಲಿ ಓದಿದ ಹುಡುಗಿಯಾದರೂ ಶಾಸ್ತ್ರ ಬಿಟ್ಟಿಲ್ಲವೆಂದು ಚನ್ನಪಟ್ಟಣದ ನಮ್ಮ ಬೀದಿಯವರು ನನ್ನನ್ನು ಹೊಗಳುತ್ತಾರೆ. ನಾನು ಸುಮ್ಮನೆ ನಗುತ್ತೇನೆ.

ಹುಟ್ಟುಹಬ್ಬಕ್ಕೆ ಗೋಡೆಗೆ ಹಾಕುವಂಥ ಫೋಟೊ ಬೇಕೆಂದು ನನ್ನ ಗಂಡ ಪಟ್ಟು ಹಿಡಿದಾಗ ಮಜೀದಕ್ಕನ ಬಳಿ ಹೋದೆ.

ಮಜೀದಕ್ಕನಿಗೆ ಐವತ್ತು ದಾಟಿದೆ. ಚಿಕ್ಕಂದಿನಲ್ಲಿ ಮರದ ಗೊಂಬೆಗಳಿಗೆ ಕಣ್ಣು, ಬಾಯಿ ಬರೆಯುತ್ತಿದ್ದರಂತೆ. ಅಣ್ಣ ಸನಾವುಲ್ಲಾ ಸ್ಟುಡಿಯೊ ತೆರೆದಾಗ, ಗಂಡಸಿನೆದುರು ಮುಸುಕು ಸರಿಸಲು ಒಪ್ಪದ ಹೆಂಗಸರಿಗಾಗಿ ತಂಗಿಯ ಕೈಗೆ ಕ್ಯಾಮೆರಾ ಕೊಟ್ಟರು. ನೂರು ಗೊಂಬೆಗೂ ಒಂದೇ ಮುಖ ಬರೆದು ಬೇಸತ್ತಿದ್ದವರಿಗೆ ಇಲ್ಲಿ ದಿನಕ್ಕೊಂದು ಹೊಸ ಮುಖ. ಎಲ್ಲರ ಕೈಗೂ ಮೊಬೈಲು ಬಂದು ಸ್ಟುಡಿಯೊ ಮುಚ್ಚಿದರೂ ಇವರು ಕ್ಯಾಮೆರಾ ಬಿಡಲಿಲ್ಲ. ಬಟ್ಟೆಚೀಲದಲ್ಲಿ ಅದನ್ನಿಟ್ಟುಕೊಂಡು ಬಸ್ಸು ಹತ್ತಿದರು. ರಾಮನಗರದ ರೇಷ್ಮೆ ನೂಲು ತೆಗೆಯುವ ಮನೆಗಳು, ಕನಕಪುರದ ಸಂತೆ, ಮಾಗಡಿ ಕಡೆಯ ಹಳ್ಳಿಗಳು, ಎಲ್ಲ ಕಡೆಯೂ ಅವರನ್ನು ಬಲ್ಲವರಿದ್ದಾರೆ. ಅವರದೊಂದು ಪದ್ಧತಿಯಿದೆ. ಜನ ಹೇಗೆ ಕೂರಲು ಬಯಸುತ್ತಾರೋ ಹಾಗೆ ಮೊದಲ ಫೋಟೊ. ಮುಗಿಯಿತೆಂದು ಅವರು ಮೈ ಸಡಿಲಿಸಿದ ಮೇಲೆ ಎರಡನೆಯದು. ಎರಡನ್ನೂ ತಂದು ತೋರಿಸಿ, ಗೋಡೆಗೆ ಯಾವುದೆಂದು ಅವರನ್ನೇ ಕೇಳುತ್ತಾರೆ.

ಮಗು ಬಯಲಲ್ಲಿ ಆಡಲಿ ಎಂದು ನಮ್ಮನ್ನು ಗುಡೇಮಾರನಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಅವರಿಗೆ ಹಳೆಯ ಪರಿಚಯದ ಮುನಿಯಮ್ಮನವರ ಫೋಟೊ ತೆಗೆಯುವುದಿತ್ತು. ಮುನಿಯಮ್ಮ ಪೆಟ್ಟಿಗೆಯ ರೇಷ್ಮೆ ಸೀರೆಯುಟ್ಟು, ಮೊಣಕಾಲ ಮೇಲೆ ಕೈಯೂರಿ, ಪೊಲೀಸರ ಮುಂದೆ ಕೂತಂತೆ ಕೂತರು. ಮಜೀದಕ್ಕ ಅದನ್ನೂ ಅಷ್ಟೇ ಶ್ರದ್ಧೆಯಿಂದ ತೆಗೆದರು. ಚಾರ್ವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೂ ಒಂದು ತೆಗೆಸಿಕೊಂಡೆ, ಬೊಟ್ಟು ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡಿ.

ಟೀ ಕುಡಿಯುತ್ತಿದ್ದಾಗ ಕರು ಹಗ್ಗ ಕಿತ್ತುಕೊಂಡು ಅಂಗಳದಲ್ಲಿ ಒಣಹಾಕಿದ್ದ ಹುರುಳಿಗೆ ಬಾಯಿ ಹಾಕಿತು. ಮುನಿಯಮ್ಮ ಸೀರೆಯೆತ್ತಿ ಸೊಂಟಕ್ಕೆ ಸಿಕ್ಕಿಸಿ ಬೈಯುತ್ತ ಓಡಿದರು. ಕರುವಿನ ಕಿವಿ ಹಿಡಿದು ನಗುತ್ತ ಬಂದರು. ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ಕೆಂದಿತ್ತು.

"ಸೀರೆ ಎತ್ತಿ ಕಟ್ಟಿರೋದ್ನ ಹಿಡ್ದ್‌ಬುಟ್ಟಲ್ಲೇ ಮಜೀದಾ. ನನ್ ಸೊಸೆ ಕಂಡ್ರೆ ಊರೆಲ್ಲಾ ಸಾರ್ತಾಳೆ."

"ಸಾರ್ಲಿ ಬುಡವ್ವ. ಅವ್ಳಿಗೂ ಒಸಿ ಕೆಲ್ಸ ಬೇಡ್ವಾ?"

ಚಾರ್ವಿ ನನ್ನ ಕೈ ಕೊಸರಿಕೊಂಡು ಕರುವಿನತ್ತ ಓಡಿದಳು. ಕರು ಅವಳ ಕೆನ್ನೆಯನ್ನು ಒಮ್ಮೆ ಉದ್ದಕ್ಕೂ ನೆಕ್ಕಿತು. ಬೊಟ್ಟು ಹೋಯಿತು. ಅವಳು ಕೇಕೆ ಹಾಕಿ ನಕ್ಕಳು. ನಾನು ಕರ್ಚೀಫು ಹಿಡಿದು ಓಡುವುದರೊಳಗೆ ಇನ್ನೊಂದು ಕ್ಲಿಕ್. ಮುನಿಯಮ್ಮ ಬಗ್ಗಿ ಅವಳ ಕೆನ್ನೆಯನ್ನೇ ನೋಡಿದರು. ಆ ಕೆನ್ನೆ ಮುಚ್ಚಲು ನಾನು ಕರ್ಚೀಫು ಚಾಚಿದೆ.

"ಮೊಖ ತೊಳ್ಸವ್ವ, ಜೊಲ್ಲು ಮೆತ್ಕಂಡೈತೆ" ಎಂದರು, ಅಷ್ಟೇ.

ವಾಪಸು ಬರುವಾಗ ಬಸ್ಸಿನಲ್ಲಿ, ಕಂಪ್ಯೂಟರಿನಲ್ಲಿ ಮಚ್ಚೆ ಅಳಿಸಬಹುದೇ ಎಂದು ಮಜೀದಕ್ಕನನ್ನು ಮೆಲ್ಲಗೆ ಕೇಳಿದೆ. ಅವರು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ.

"ಅಳಿಸ್ಬೋದು. ಬೊಟ್ಟಿರೋದೂ ಒಂದೈತೆ. ಎರಡೂ ಮೊಬೈಲ್‌ಗೆ ಕಳಿಸ್ತೀನಿ. ದೊಡ್ಡದು ಯಾವ್ದು ಮಾಡ್ಲಿ ಅಂತ ಫೋನ್ ಮಾಡವ್ವ."

ಫೋಟೊಗಳು ಬಂದವು. ಮೊದಲನೆಯದರಲ್ಲಿ ಮಗು ಬೆಪ್ಪಾಗಿ ನೋಡುತ್ತಿದೆ; ಅವಳ ಭುಜವನ್ನು ನನ್ನ ಬೆರಳುಗಳು ಒತ್ತಿ ಹಿಡಿದಿವೆ. ಎರಡನೆಯದರಲ್ಲಿ ಮೊದಲು ಕಂಡದ್ದು ಮಚ್ಚೆಯೇ, ಸುಳ್ಳೇಕೆ ಹೇಳಲಿ. ಆಮೇಲೆ ಮುಚ್ಚಿದ ಕಣ್ಣು, ಪುಟ್ಟ ಹಲ್ಲು, ಮೂಗಿನ ಮೇಲಿನ ಸುಕ್ಕು. ಆ ನಗುವನ್ನು ಮನೆಯಲ್ಲಿ ದಿನವೂ ಕೇಳುತ್ತೇನೆ. ನಾನು ಮೊಬೈಲಿನಲ್ಲಿ ತೆಗೆದ ಒಂದು ಫೋಟೊದಲ್ಲೂ ಅದಿಲ್ಲ. ಎಲ್ಲದರಲ್ಲೂ ಗಲ್ಲ ಹಿಡಿದು ಅವಳ ಎಡಗೆನ್ನೆಯನ್ನೇ ಮುಂದೆ ಮಾಡಿದ್ದೇನೆ.

ಆದರೂ ದಿನಗಟ್ಟಲೆ ಫೋನ್ ಮಾಡಲಿಲ್ಲ. ಮಜೀದಕ್ಕ ಒಮ್ಮೆಯೂ ಅವಸರ ಮಾಡಲಿಲ್ಲ. ಇವತ್ತು ಚಾರ್ವಿ ಮಲಗಿದ ಮೇಲೆ ನಾನೇ ಫೋನ್ ಮಾಡಿದೆ.

ಮುನಿಯಮ್ಮ ಗೋಡೆಗೆ ಯಾವುದು ಹಾಕಿದರೆಂದು ಮೊದಲು ಕೇಳಿದೆ.

"ಕರ ಇರೋದೇ. ಸೊಸೆನೇ ಮೊಳೆ ಹೊಡೆದ್ಲಂತೆ. ನಿಂದು?"

"ನಮ್ಮದೂ ಕರು ಇರೋದೇ, ಮಜೀದಕ್ಕ."

"ಏನಾರಾ ಅಳಿಸ್ಬೇಕಾ?"

"ಬೇಡ" ಎಂದೆ. "ಹಂಗೇ ಇರಲಿ."