ಗಂಟೆಯಣ್ಣನ ರಿಪೇರಿ

ಗಂಟೆಯಣ್ಣನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ದೊಡ್ಡ ಕಟ್ಟಡಗಳ ಬೆಂಕಿ ಅಲಾರಂ ರಿಪೇರಿ ಮಾಡುವುದು ಅವನ ಕಸುಬು, ಆ ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಬ್ಯಾಂಕು, ಹೋಟೆಲು, ಅಂಗಡಿ ಸಾಲು, ಎಲ್ಲಿ ಬೆಂಕಿಯಿಲ್ಲದೆ ಅಲಾರಂ ಬಡಿದುಕೊಂಡರೂ ಏಣಿ ಹೊತ್ತು ಹೋಗುತ್ತಿದ್ದ. ಹೋಗುವಷ್ಟರಲ್ಲಿ ಮ್ಯಾನೇಜರು ಯಾರನ್ನೋ ಮೇಲೆ ಹತ್ತಿಸಿ ತಂತಿ ಕತ್ತರಿಸಿಬಿಟ್ಟಿರುತ್ತಿದ್ದ. ಅದನ್ನು ಕಂಡರೆ ಇವನ ಮೈಯೆಲ್ಲ ಉರಿದುಹೋಗುತ್ತಿತ್ತು.

"ಒಳಗಡೆ ಧೂಳು ಕೂತಿದೆ ಸ್ವಾಮಿ. ಅದನ್ನೇ ಹೊಗೆ ಅಂದ್ಕೊಂಡು ಬಡ್ಕೊಳ್ತಿದೆ. ಧೂಳು ತೆಗೀಬೇಕೋ, ಅದರ ಬಾಯಿ ಮುಚ್ಚಿಸ್ಬೇಕೋ? ನಾಳೆ ನಿಜವಾಗ್ಲೂ ಬೆಂಕಿ ಬಿದ್ರೆ ನಿಮ್ಮಪ್ಪ ಬಂದು ಕೂಗ್ತಾನಾ?"

ಹೀಗೆ ಮಾತಾಡುವವನನ್ನು ಯಾರು ತಾನೇ ಮತ್ತೆ ಕರೆಯುತ್ತಾರೆ? ಕರೆಯುತ್ತಿದ್ದರು. ಇವನು ಬಿಚ್ಚಿ, ಗುಡಿಸಿ, ಮುಚ್ಚಿದ ಅಲಾರಂ ಆಮೇಲೆ ಸುಮ್ಮಸುಮ್ಮನೆ ಕೂಗುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ತಂತಿ ಕತ್ತರಿಸಿದವನಲ್ಲ ಎಂಬ ಜಂಬ ಅವನಿಗೆ ಬೇಕಾದಷ್ಟಿತ್ತು. ಕಸುಬಿನಲ್ಲಿ ಅಷ್ಟು ಜಂಬ ಇರಲಿ, ತಪ್ಪಲ್ಲ. ಅದನ್ನು ಮನೆಗೆ ತಂದನಲ್ಲ, ಅದು ತಪ್ಪು.

ಮನೆಯಲ್ಲಿದ್ದವರು ತಾಯಿ ಮತ್ತು ತಂಗಿ. ಅಪ್ಪ ಹೋದಮೇಲೆ ತಂಗಿಯನ್ನು ಓದಿಸಿ, ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್ ಮಾಡಿದವನು ಇವನೇ. ಹುಡುಗಿಯ ಬಾಯಿ ಜೋರು. ಅಣ್ಣನ ಕೋಪವನ್ನು ಅಣಕಿಸಿ ತೋರಿಸಿ ಅಣ್ಣನನ್ನೇ ನಗಿಸುತ್ತಿದ್ದವಳು. ಅವಳಿಗೆ ಇದ್ದಕ್ಕಿದ್ದಂತೆ ಬೆರಳ ಗೆಣ್ಣುಗಳು ಊದಿಕೊಂಡವು. ಬಿಸಿಲಿಗೆ ಹೋದರೆ ಕೆನ್ನೆ ಕೆಂಪಾಗಿ ಉರಿಯುತ್ತಿತ್ತು, ಸಂಜೆಯಾದರೆ ಜ್ವರ. ಬಳಪ ಹಿಡಿಯಲಾರದೆ ಅವಳು ಅತ್ತ ದಿನ ಗಂಟೆಯಣ್ಣ ಕೆಲಸ ಬಿಟ್ಟು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

ಪರೀಕ್ಷೆಗಳೆಲ್ಲ ಮುಗಿದಮೇಲೆ ಡಾಕ್ಟರಮ್ಮ ಇವನ ಕಸುಬು ಕೇಳಿ ತಿಳಿದುಕೊಂಡು, ಕೂರಿಸಿ ಹೇಳಿದರು.

"ನಮ್ಮ ಜೀವಕೋಶದೊಳಗೂ ಅಲಾರಂ ಇರುತ್ತೆ. ವೈರಸ್ ನುಗ್ಗಿದ್ರೆ ಅದರ ಡಿಎನ್‌ಎ ಪತ್ತೆಹಚ್ಚಿ ಕೂಗುತ್ತೆ. ಇನ್ನೊಂದು ಕಡೆ, ಜೀವಕೋಶ ತನ್ನ ಮುರಿದ ಸಾಮಾನನ್ನ ತಾನೇ ಅರಗಿಸಿ ಮತ್ತೆ ಬಳಸ್ಕೊಳ್ತಿರುತ್ತೆ. ಆ ಕೆಲಸ ಕೆಟ್ಟರೆ ಕಸ ಉಳಿಯುತ್ತೆ. ಕಸದಲ್ಲಿ ನಮ್ಮದೇ ಡಿಎನ್‌ಎ ಚೂರುಗಳಿರುತ್ತವೆ. ಅದು ಮನೆಯದೋ ಹೊರಗಿನದೋ ಅಲಾರಂಗೆ ಗೊತ್ತಾಗಲ್ಲ, ಕೂಗ್ತಾನೇ ಇರುತ್ತೆ. ಆಗ ಕಾಯೋಕೆ ಇರೋ ಪಡೆ ಬಂದು ನಿಮ್ಮ ತಂಗೀನೇ ಹೊಡೆಯುತ್ತೆ."

ಗಂಟೆಯಣ್ಣನ ಮುಖ ಅರಳಿತು. ಕಾಯಿಲೆಯನ್ನು ಯಾರೂ ಅವನಿಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. "ಅಂದ್ರೆ ಮಾತ್ರೆ ಆ ಕಸ ತೆಗೆಯುತ್ತೆ ಅನ್ನಿ."

"ಇಲ್ಲ, ಮಾತ್ರೆ ಅಲಾರಂ ತಣ್ಣಗಾಗಿಸುತ್ತೆ, ಪಡೇನ ತಡೆಯುತ್ತೆ."

"ತಂತಿ ಕತ್ತರಿಸೋದು ಅನ್ನಿ ಮತ್ತೆ!"

ಡಾಕ್ಟರಮ್ಮ ಏನೋ ಹೇಳಹೊರಟರು. ಇವನು ಆಗಲೇ ಕುರ್ಚಿ ಬಿಟ್ಟು ಎದ್ದಿದ್ದ.

ಮಾತ್ರೆ ನುಂಗಿ ತಂಗಿ ಚೇತರಿಸಿಕೊಂಡಳು, ಶಾಲೆಗೂ ಹೊರಟಳು. ಗಂಟೆಯಣ್ಣನಿಗೆ ಮಾತ್ರ ಸಮಾಧಾನವಿಲ್ಲ. ಫೋನಿನಲ್ಲಿ ಹುಡುಕಿದ. ಹೊಟ್ಟೆಗೆ ಏನೂ ಹಾಕದಿದ್ದರೆ ಜೀವಕೋಶ ತನ್ನ ಕಸವನ್ನು ತಾನೇ ತಿನ್ನುತ್ತದೆ ಎಂದು ಸಿಕ್ಕಿತು. ಅವಳ ಮಾತ್ರೆಗಳಲ್ಲೊಂದು ಆ ಗುಡಿಸುವ ಕೆಲಸಕ್ಕೇ ಅಡ್ಡ ಬರುತ್ತದೆ ಎಂದೂ ಸಿಕ್ಕಿತು. ಹಾಳಾದ್ದು, ಎರಡೂ ಸುಳ್ಳಲ್ಲ. ಪೂರಾ ಸುಳ್ಳಾಗಿದ್ದರೆ ಯಾರಾದರೂ ಕಿವಿ ಹಿಂಡಿ ಹೇಳುತ್ತಿದ್ದರು. ಅರ್ಧ ನಿಜ ಹಿಡಿದುಕೊಂಡು ಕುಣಿಯುವವನಿಗೆ ಹೇಳುವವರು ಯಾರು?

"ಮಾತ್ರೆ ತಗೊಂಡ್ಮೇಲೆ ಬೆರಳು ಮಡಚೋಕಾಗ್ತಿದೆ ಅಣ್ಣ. ಸಾಕಲ್ವಾ?" ಅಂದಳು ತಂಗಿ.

"ಕೂಗು ನಿಂತಿದೆ ಅಷ್ಟೆ. ಕಸ ಒಳಗೆ ಹಾಗೇ ಬಿದ್ದಿದೆ. ಮಾತ್ರೆ ಬಿಡು, ಉಪವಾಸ ಮಾಡು."

"ಒಂದ್ಮಾತು ಡಾಕ್ಟರನ್ನ ಕೇಳ್ತೀನಿ."

"ಕೇಳು, ಹೋಗು! ನಿನ್ನ ಸಾಕಿ ಬೆಳೆಸಿದ ನಾನು ಯಾರೂ ಅಲ್ಲ, ನಿನ್ನೆ ಮೊನ್ನೆ ಸಿಕ್ಕಿದೋರು ಹೆಚ್ಚಾದ್ರು!"

ಅನ್ನ ಹಾಕಿದವನು ಆಡಬಾರದ ಮಾತು ಅದು. ಜೋರು ಬಾಯಿಯ ಹುಡುಗಿ ಮಾತ್ರೆ ಡಬ್ಬಿ ತಂದು ಅವನ ಮುಂದಿಟ್ಟಳು. ಮಾತ್ರೆಗಳು ಗಂಟೆಯಣ್ಣನ ಬ್ಯಾಗು ಸೇರಿದವು. ಅವಳಿಗೆ ಊಟ ದಿನಕ್ಕೆ ಒಂದೇ ಹೊತ್ತು, ಆಮೇಲೆ ಅದೂ ಒಂದು ದಿನ ಬಿಟ್ಟು ಒಂದು ದಿನ. ತಾಯಿ ಕದ್ದು ಒಂದು ಲೋಟ ಹಾಲು ಕೊಡಲು ಹೋಗಿ ಮಗನಿಂದ ಬೈಸಿಕೊಂಡಳು.

ಮೊದಮೊದಲು ಮೈ ಹಗುರವಾಯಿತು ಎಂದಳು ತಂಗಿ. ಅಷ್ಟು ಸಾಕಾಯಿತು, ಇವನು ಏಣಿಯ ಮೇಲೆ ನಿಂತು ಕೆಳಗಿದ್ದವರಿಗೆಲ್ಲ ಆರೋಗ್ಯದ ಪಾಠ ಹೇಳತೊಡಗಿದ. ನಂತರ ಅವಳ ಪಾದಗಳು ಊದಿದವು. ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲಾರದಷ್ಟು ಮುಖ ಬಾತಿರುತ್ತಿತ್ತು. ಮೂತ್ರ ನೊರೆನೊರೆಯಾಗಿ ಹೋಗುತ್ತಿದೆಯಂತೆ ಎಂದು ತಾಯಿ ಹೆದರಿ ಹೇಳಿದಾಗ ಈ ಮಹಾನುಭಾವ ಕೊಟ್ಟ ಉತ್ತರ ಕೇಳಿ: "ಕಸ ಹೊರಗೆ ಬರ್ತಿದೆ, ಬರ್ಲಿ ಬಿಡಮ್ಮ."

ಪಾಠದ ನಡುವೆ, ಪುಟ್ಟ ಮಕ್ಕಳ ಎದುರಿಗೇ ಅವಳು ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಈ ಸಲ ಕೂರಿಸಿ ಮಾತಾಡಲಿಲ್ಲ. "ಮಾತ್ರೆ ನಿಲ್ಲಿಸಿದ್ದು ಯಾರು?"

"ನಾನೇ." ಗಂಟೆಯಣ್ಣ ಇನ್ನೂ ಎದೆಯುಬ್ಬಿಸಿಯೇ ನಿಂತಿದ್ದ. "ಕಸ ತೆಗೀದೆ ಬಾಯಿ ಮುಚ್ಚಿಸೋದು ರಿಪೇರಿ ಅಲ್ಲ."

"ನಿಮ್ಮ ಕಟ್ಟಡದ ಅಲಾರಂ ಬರೀ ಕೂಗುತ್ತೆ ರೀ. ಇಲ್ಲಿ ಕೂಗಿದ್ರೆ ಕೊಡಲಿ ಹಿಡ್ಕೊಂಡು ಬರ್ತಾರೆ. ಬಂದಿದ್ದಾರೆ, ಕಿಡ್ನಿ ಒಡೀತಿದ್ದಾರೆ. ಮೊದಲು ಅವರ ಕೈ ಹಿಡೀಬೇಕೋ, ಪೊರಕೆ ಹುಡುಕ್ಬೇಕೋ? ಅವಳಲ್ಲಿ ಆ ಪೊರಕೇನೇ ನೆಟ್ಟಗಿಲ್ಲ. ಉಪವಾಸ ಕೆಡವಿದ್ರೆ ಎಲ್ಲಿಂದ ಗುಡಿಸ್ತಾಳೆ?"

"ಆದ್ರೆ ಆ ಮಾತ್ರೆನೇ ಗುಡಿಸೋಕೆ ಅಡ್ಡ..."

"ಸ್ವಲ್ಪ ಅಡ್ಡ ಬರುತ್ತೆ, ನಿಜ. ಕಸ ಹೋಗಿ ಬೀಳೋ ಜಾಗದಲ್ಲೂ ಒಂದು ಅಲಾರಂ ಇದೆ. ಆ ಮಾತ್ರೆ ಅದನ್ನ ಅಲ್ಲೇ ತಣ್ಣಗಿಡುತ್ತೆ, ಅದಕ್ಕೇ ಕೊಟ್ಟಿದ್ದು. ಅವತ್ತೇ ಹೇಳೋಣ ಅಂತಿದ್ದೆ. ನೀವು ಎದ್ದು ಹೋದ್ರಿ."

ಕಿಡ್ನಿಯಲ್ಲಿ ಒಂದಷ್ಟು ಭಾಗ ಇನ್ನು ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಲು ನೋಡುತ್ತೇವೆ ಎಂದು ಹೇಳಿ ಡಾಕ್ಟರಮ್ಮ ಹೊರಟುಹೋದರು. ಗಂಟೆಯಣ್ಣನಿಗೆ ಯಾರ ಮೇಲಾದರೂ ಹರಿಹಾಯಬೇಕಿತ್ತು. ಫೋನಿನ ಮೇಲೆ, ಡಾಕ್ಟರ ಮೇಲೆ, ದೇವರ ಮೇಲೆ. ಎಲ್ಲಿ ತಿರುಗಿಸಿದರೂ ಕೋಪ ತನ್ನ ಕಡೆಗೇ ಬರುತ್ತಿತ್ತು, ಅದನ್ನು ತಡೆದುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

ತಂಗಿಯ ಮಂಚದ ಪಕ್ಕ ಹೋಗಿ ನಿಂತ. "ಬೈಯೇ. ಬಾಯಿಗೆ ಬಂದ ಹಾಗೆ ಬೈದುಬಿಡು."

"ಬೈದ್ರೆ ನಿನಗೆ ಹಗುರ ಆಗುತ್ತೆ. ಬೈಯಲ್ಲ."

"ನಿನ್ನ ಒಳ್ಳೇದಕ್ಕೇ ಮಾಡ್ದೆ ಕಣೇ."

ಅವಳು ಬಾತ ಕಣ್ಣುಗಳನ್ನು ಅವನ ಕಡೆ ತಿರುಗಿಸಿದಳು. ಅವುಗಳಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. "ಡಾಕ್ಟರ ಜೊತೆ ನೀನು ಜಗಳಕ್ಕೆ ಬಿದ್ದಿದ್ದು ನಿನ್ನ ಕಸುಬಿನ ಮಾನಕ್ಕೆ ಅಣ್ಣ. ಗೆದ್ದಿದ್ರೆ ನನ್ನ ಮೈಯಲ್ಲಿ ಗೆಲ್ತಿದ್ದೆ. ಸೋತಿದ್ದೂ ನನ್ನ ಮೈಯಲ್ಲೇ. ನಡುವೆ ನಾನೊಬ್ಬಳು ಇದ್ದೆ."

ನರ್ಸು ಮಾತ್ರೆ ತಂದಳು. ಗಂಟೆಯಣ್ಣ ಅಭ್ಯಾಸಬಲದಿಂದ ಕೈ ಚಾಚಿದ. ತಂಗಿ ಮೊಣಕೈ ಊರಿ, ಹಲ್ಲು ಕಚ್ಚಿ ಎದ್ದು ಕುಳಿತಳು.

"ಅವನಿಗಲ್ಲ ಸಿಸ್ಟರ್," ಎಂದಳು. "ನನ್ನ ಕೈಗೆ ಕೊಡಿ."